ಅಟ್ಟದಲ್ಲಿ ಸಿಕ್ಕಿದ ವಾಲ್ವ್ ರೇಡಿಯೋ: ಪ್ಲಗ್ ಹಾಕುವ ಮುಂಚೆ ಏನು ನೋಡಬೇಕು?

ಕಾಫಿಕಣ, ಸಿದ್ದಾಪುರ
ಎಲ್ಲರಿಗೂ ನಮಸ್ಕಾರ. ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡುವಾಗ ತಾತನ ಕಾಲದ ವಾಲ್ವ್ (ಗಾಜಿನ ಬಲ್ಬಿನಂಥ ಕೊಳವೆ) ರೇಡಿಯೋ ಸಿಕ್ಕಿತು. ಮರದ ಪೆಟ್ಟಿಗೆ, ಮುಂದೆ ಬಟ್ಟೆ, ಗಾಜಿನ ಡಯಲ್ ಮೇಲೆ ಸಿಲೋನ್, ದೆಹಲಿ, ಲಂಡನ್ ಅಂತ ಊರಿನ ಹೆಸರುಗಳು. ಕಂಪನಿ ಹೆಸರಿನ ಪಟ್ಟಿ ಬಿದ್ದುಹೋಗಿದೆ. ಒಂದು ನಾಬ್ ಇಲ್ಲ. ಹಿಂದಿನ ರಟ್ಟು ತೆಗೆದರೆ ಒಳಗೆ ಇಲಿ ಗೂಡು. ನನಗೆ ಸೋಲ್ಡರ್ ಮಾಡಲು ಬರುತ್ತದೆ, ತೋಟದ ಪಂಪಿನ ಸ್ಟಾರ್ಟರ್ ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ. ಅಷ್ಟೇ ಗೊತ್ತಿರುವುದು.

ಚಿಕ್ಕಪ್ಪನ ಮಗ "ಪ್ಲಗ್ ಹಾಕಿ ನೋಡೋಣ, ಹಾಡಿದರೆ ಹಾಡಲಿ, ಇಲ್ಲಾಂದ್ರೆ ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸೋಣ" ಅಂತಿದ್ದಾನೆ. ಸದ್ಯಕ್ಕೆ ತಡೆದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಸುಂಟಿಕೊಪ್ಪ ಸೀನಿಯರ್
ಪ್ಲಗ್ ಹಾಕಬೇಡಿ. ಹಾಕಲೇಬೇಡಿ. ಇಲಿ ಗೂಡು ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಉಳಿದದ್ದು ಕುಶಾಲನಗರದವರು ಬಂದು ಹೇಳುತ್ತಾರೆ.

ಗೋಣಿಕೊಪ್ಪ ಹುಡುಗ
ನಿಮ್ಮ ತಮ್ಮ ಹೇಳಿದ್ದೇ ಸರಿ ಅಣ್ಣ. ಈಗ ಮೀಡಿಯಂ ವೇವ್‌ನಲ್ಲಿ ಏನಿದೆ? ಮಡಿಕೇರಿ ಆಕಾಶವಾಣಿ ಬರುವುದು 103.1 ಎಫ್‌ಎಂನಲ್ಲಿ. ಈ ಸೆಟ್ಟಿನಲ್ಲಿ ಎಫ್‌ಎಂ ಬ್ಯಾಂಡೇ ಇರಲ್ಲ. ಅಷ್ಟೆಲ್ಲ ಕಷ್ಟಪಟ್ಟು ರಿಪೇರಿ ಮಾಡಿ ಕೊನೆಗೆ ಬರೀ ಕರಕರ ಕೇಳಬೇಕು. ಪೆಟ್ಟಿಗೆ ಚೆನ್ನಾಗಿದೆ, ಬ್ಲೂಟೂತ್ ಹಾಕಿ ಶೋಕೇಸ್‌ನಲ್ಲಿ ಇಡಿ.

ಹಳೆ ಸೋಲ್ಡರ್, ಕುಶಾಲನಗರ
ಹುಡುಗನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಸೆಟ್ಟಿನ ವಿಷಯ. ನಾನು ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ವಾಲ್ವ್ ಸೆಟ್ಟುಗಳ ಕೊನೆಗಾಲ ನೋಡಿದ್ದೇನೆ.

ನಮ್ಮ ಕಡೆ ರೇಡಿಯೋ ಕೆಡಿಸುವುದು ಮಳೆಗಾಲದ ಥಂಡಿ. ವಾಲ್ವ್ ಒಳಗೆ ಗಾಳಿಯೇ ಇಲ್ಲ, ಅದಕ್ಕೆ ಥಂಡಿ ತಟ್ಟುವುದಿಲ್ಲ. ಮೇಣ ಮೆತ್ತಿದ ಕಾಗದದ ಕಂಡೆನ್ಸರ್ (ಕೆಪಾಸಿಟರ್) ಮಾತ್ರ ವರ್ಷವರ್ಷವೂ ತೇವ ಹೀರಿಕೊಂಡು ಕೂತಿರುತ್ತದೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಕಥೆ ಬೇರೆ. ಬಹಳ ಕಾಲ ಕರೆಂಟ್ ಕಾಣದಿದ್ದರೆ ಅದರೊಳಗಿನ ಆಕ್ಸೈಡ್ ಪದರ ಕೆಟ್ಟಿರುತ್ತದೆ. ಹಾಗೇ 230 ವೋಲ್ಟ್ ಕೊಟ್ಟರೆ ಶಾರ್ಟ್ ಆಗಿ ಜೊತೆಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನೂ ಎಳೆದುಕೊಂಡು ಹೋಗುತ್ತದೆ. ಕಂಡೆನ್ಸರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ವಾಲ್ವ್ ಎಲ್ಲಿಂದ ತರುತ್ತೀರಿ?

ಈಗ ಎರಡು ವಿಷಯ ನೋಡಿ ಹೇಳಿ. ಚಾಸಿಸ್ (ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆ) ಮೇಲೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆಯಾ? ಸ್ಪೀಕರ್ ಹತ್ತಿರ ಇರುವ ಸಣ್ಣದು ಲೆಕ್ಕಕ್ಕಿಲ್ಲ. ಆಮೇಲೆ ವಾಲ್ವ್ ನಂಬರ್. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಗಾಜಿನ ಮೇಲಿನ ಅಚ್ಚು ಹೊರಟೇ ಹೋಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಹಾಗೆಯೇ ಗಾಜಿನ ತುದಿಯಲ್ಲಿ ಬೆಳ್ಳಿ ಬಣ್ಣದ ಲೇಪ ಇದೆಯಾ ನೋಡಿ. ಅದು ಬಿಳಿ ಆಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿದ ಹಾಗೆ.

ಕಾಫಿಕಣ, ಸಿದ್ದಾಪುರ
ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲ ಸರ್. ಪಿಂಗಾಣಿ ಕೊಳವೆಗೆ ತಂತಿ ಸುತ್ತಿದ ಏನೋ ಒಂದಿದೆ. ವಾಲ್ವ್ ಐದು: ಯುಸಿಎಚ್ 81, ಯುಎಫ್ 89, ಯುಬಿಸಿ 81, ಯುಎಲ್ 84, ಯುವೈ 85. ಎಲ್ಲದರಲ್ಲೂ ಬೆಳ್ಳಿ ಬಣ್ಣ ಹಾಗೇ ಇದೆ.

ಹಳೆ ಸೋಲ್ಡರ್, ಕುಶಾಲನಗರ
ತಮ್ಮನನ್ನು ತಡೆದಿದ್ದು ಒಳ್ಳೆಯದಾಯಿತು. ನಂಬರ್ 'ಯು' ಅಂತ ಶುರುವಾದರೆ ಅದು ಎಸಿ, ಡಿಸಿ ಎರಡರಲ್ಲೂ ಓಡುವ ಎಸಿ-ಡಿಸಿ ಸೆಟ್. ಇದರಲ್ಲಿ ಗೋಡೆಯ ಕರೆಂಟಿಗೂ ರೇಡಿಯೋ ಚಾಸಿಸ್‌ಗೂ ಮಧ್ಯೆ ಅಡ್ಡ ಏನೂ ಇಲ್ಲ. ಒಂದು ವೈರ್ ನೇರವಾಗಿ ಚಾಸಿಸ್‌ಗೆ ಹೋಗುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಸ್ ಫೇಸ್.

ಇನ್ನೊಂದು ಕಿತಾಪತಿ ಇದೆ. ಕೆಲವು ಸೆಟ್ಟುಗಳಲ್ಲಿ ಸ್ವಿಚ್ ಇರುವುದು ಚಾಸಿಸ್ ಕಡೆಯ ವೈರಿನಲ್ಲಿ ಮಾತ್ರ. ಆಫ್ ಮಾಡಿದಾಗ ವಾಲ್ವ್ ಹೀಟರ್‌ಗಳನ್ನು (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) ಹಾದು ಬಂದ ಫೇಸ್ ಚಾಸಿಸ್ ಮೇಲೆ ಬಂದು ಕೂರುತ್ತದೆ. ಆನ್ ಇದ್ದಾಗ ಸುಮ್ಮನಿದ್ದದ್ದು ಆಫ್ ಮಾಡಿದ ಮೇಲೆ ಹೊಡೆಯುತ್ತದೆ!

ಇರುವ ನಾಬುಗಳಲ್ಲಿ ಒಂದನ್ನು ಪಕ್ಕದಿಂದ ನೋಡಿ. ಸಣ್ಣ ತೂತು ಕಾಣುತ್ತದೆ, ಅದರ ತುಂಬ ಮೇಣ. ಕೆರೆದರೆ ಒಳಗೆ ಸ್ಕ್ರೂ ಸಿಗುತ್ತದೆ. ಸ್ಕ್ರೂ ದಂಡಕ್ಕೆ ತಾಗಿದೆ, ದಂಡ ಚಾಸಿಸ್‌ಗೆ ತಾಗಿದೆ. ಬೆರಳ ತುದಿ ಆ ಸ್ಕ್ರೂಗೆ ಮುಟ್ಟಬಾರದು ಅಂತ ಫ್ಯಾಕ್ಟರಿಯಲ್ಲೇ ಮೇಣ ತುಂಬಿ ಕಳಿಸುತ್ತಿದ್ದರು. ಈಗ ನಾಬ್ ಇಲ್ಲದ ಆ ಬರಿ ದಂಡದ ಬಗ್ಗೆ ಯೋಚನೆ ಮಾಡಿ.

ಹಾಗಾಗಿ ಟೇಬಲ್ ಮೇಲೆ ಕೆಲಸ ಮಾಡುವಾಗ 230ಕ್ಕೆ 230ರ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಗೋಡೆಯ ಕರೆಂಟಿನಿಂದ ಸೆಟ್ಟನ್ನು ಬೇರ್ಪಡಿಸುವುದು) ಬೇಕೇ ಬೇಕು. 100 ವಿಎ ಸಾಕು. ಮನೆಯ ಸ್ಟೆಬಿಲೈಸರ್, ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವುದು) ಇದಕ್ಕೆ ಆಗುವುದಿಲ್ಲ. ಅವುಗಳಲ್ಲಿ ಎರಡು ಕಡೆಗೂ ಒಂದೇ ಸುತ್ತು, ಬೇರ್ಪಡಿಸುವ ಕೆಲಸವೇ ಆಗುವುದಿಲ್ಲ.

ಗೋಣಿಕೊಪ್ಪ ಹುಡುಗ
ಅಯ್ಯೋ, ಇಷ್ಟು ಡೇಂಜರ್ ಇರುವುದನ್ನು ಯಾಕೆ ಮಾರುತ್ತಿದ್ದರು ಅಂಕಲ್?

ಹಳೆ ಸೋಲ್ಡರ್, ಕುಶಾಲನಗರ
ಆಗ ಕೆಲವು ಊರಿನಲ್ಲಿ ಡಿಸಿ ಕರೆಂಟ್ ಇತ್ತು. ಡಿಸಿಯಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದಿಲ್ಲ. ಮೇಲಾಗಿ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ ಅಗ್ಗ, ಹಗುರ. ಮುಚ್ಚಿದ ಪೆಟ್ಟಿಗೆ, ಹಿಂದೆ ರಟ್ಟು, ನಾಬಿಗೆ ಮೇಣ ಎಲ್ಲ ಸರಿಯಾಗಿದ್ದರೆ ತೊಂದರೆ ಇರಲಿಲ್ಲ. ರಟ್ಟು ತೆಗೆದವನಿಗೆ ಅಪಾಯ.

ಸುಂಟಿಕೊಪ್ಪ ಸೀನಿಯರ್
ನಮ್ಮ ಮನೆಯದು ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್, ಇಎಲ್ 84, ಇಜಡ್ 80. ಇಎಲ್ 84 ಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆ ಇದೆ. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು. ಅದಕ್ಕೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳುತ್ತಾ ಹೋದರೆ ಈಗಲೂ ಯಾವುದೋ ಹಳೆ ಅಂಗಡಿಯ ಮೂಲೆಯಿಂದ ಡಬ್ಬಿ ಸಮೇತ ಹೊರಗೆ ಬರುತ್ತದೆ.

1971ರ ಯುದ್ಧದ ಸಮಯದಲ್ಲಿ ಇದೇ ಸೆಟ್ ಮುಂದೆ ನಮ್ಮ ಲೈನ್ ಮನೆಯವರು, ಪಕ್ಕದ ತೋಟದ ರೈಟರ್, ಎಲ್ಲ ವಾರ್ತೆಗೆ ಬಂದು ಕೂರುತ್ತಿದ್ದರು. ಪ್ರತಿ ಮನೆಯಿಂದಲೂ ಒಬ್ಬರು ಮಿಲಿಟರಿಯಲ್ಲಿ ಇದ್ದರಲ್ಲ. ವಾರ್ತೆ ಮುಗಿದ ಕೂಡಲೇ ಅಪ್ಪ ಆಫ್ ಮಾಡುತ್ತಿದ್ದರು. ಹಾಡು ಕೇಳಲು ಬಿಡುತ್ತಿರಲಿಲ್ಲ, ವಾಲ್ವ್ ಸವೆಯುತ್ತದೆ ಅಂತ!

ಕಾಫಿಕಣ, ಸಿದ್ದಾಪುರ
ಮೈಸೂರಿನಿಂದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ತರಿಸಿದೆ. ರೇಡಿಯೋಗೆ ಹೋಗುವ ಕರೆಂಟ್ ಒಂದು ಬಲ್ಬನ್ನು ಹಾದು ಹೋಗುವ ಹಾಗೆ ಸೀರೀಸ್ ಬಲ್ಬಿನ ಬೋರ್ಡೂ ಮಾಡಿಕೊಂಡೆ. 60 ವ್ಯಾಟಿನ ಹಳೇ ತಂತಿ ಬಲ್ಬ್ ಹುಡುಕುವುದೇ ದೊಡ್ಡ ಕೆಲಸ ಆಯಿತು, ಎಲ್ಲ ಕಡೆ ಎಲ್‌ಇಡಿ. ಕೊನೆಗೆ ಕೋಳಿ ಮರಿಗೆ ಶಾಖ ಕೊಡುವ ಬಲ್ಬ್ ಸಿಕ್ಕಿತು. ಇನ್ನೂ ಕರೆಂಟ್ ಕೊಟ್ಟಿಲ್ಲ. ಮೀಟರ್ ಹಾಕಿದರೆ ಪ್ಲಗ್ಗಿನ ಎರಡು ಪಿನ್ ಮಧ್ಯೆ ಏನೂ ತೋರಿಸುತ್ತಿಲ್ಲ. ಸ್ವಿಚ್ ಸರಿ ಇದೆ.

ಹಳೆ ಸೋಲ್ಡರ್, ಕುಶಾಲನಗರ
ಶಭಾಷ್. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ, ಅದು ಕರೆಂಟನ್ನು ತಡೆದು ಹಿಡಿಯುವುದಿಲ್ಲ.

ಹೀಟರ್ ಸಾಲು ತುಂಡಾಗಿದೆ. ಈ ಸೆಟ್ಟಿನಲ್ಲಿ ಐದೂ ವಾಲ್ವಿನ ಹೀಟರ್ ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಒಂದರ ಹಿಂದೆ ಒಂದು. ಒಂದು ಹೋದರೆ ಎಲ್ಲ ಕತ್ತಲೆ. ವಾಲ್ವುಗಳನ್ನು ಹೊರಗೆ ತೆಗೆದು 4 ಮತ್ತು 5ನೇ ಪಿನ್ ಮಧ್ಯೆ ಮೀಟರ್ ಇಡಿ. ನಿಮ್ಮ ಐದಕ್ಕೂ ಹೀಟರ್ ಅಲ್ಲೇ. ತೆಗೆಯುವಾಗ ಅಲುಗಾಡಿಸಿ ತಿರುಚಬೇಡಿ, ನೇರ ಮೇಲಕ್ಕೆ ಎಳೆಯಿರಿ.

ಐದೂ ಸರಿ ಇದ್ದರೆ ಆ ಪಿಂಗಾಣಿ ಕೊಳವೆ ನೋಡಿ. ಅದನ್ನು ಡ್ರಾಪರ್ ಅಂತೀವಿ. ಲೆಕ್ಕ ಹೀಗೆ: ಯುಸಿಎಚ್ 81ಕ್ಕೆ 19 ವೋಲ್ಟ್, ಯುಎಫ್ 89ಕ್ಕೆ 12.6, ಯುಬಿಸಿ 81ಕ್ಕೆ 14, ಯುಎಲ್ 84ಕ್ಕೆ 45, ಯುವೈ 85ಕ್ಕೆ 38. ಕೂಡಿದರೆ 128.6. ನಮ್ಮ ಕರೆಂಟ್ 230. ಉಳಿದ ನೂರು ವೋಲ್ಟ್ ಡ್ರಾಪರ್ ತಿನ್ನಬೇಕು. ಈ ಸಾಲಿನಲ್ಲಿ ಹರಿಯುವುದು 100 ಮಿಲಿಆಂಪ್. ಅಂದರೆ ಸುಮಾರು 1000 ಓಮ್, 10 ವ್ಯಾಟ್ ಶಾಖ.

ಕಾಫಿಕಣ, ಸಿದ್ದಾಪುರ
ವಾಲ್ವ್ ಐದೂ ಸರಿ! ಡ್ರಾಪರಿನ ತಂತಿ ಟ್ಯಾಗ್ ಹತ್ತಿರ ತುಂಡಾಗಿದೆ. ಅಲ್ಲೆಲ್ಲ ಹಸಿರು ಕಿಲುಬು. ಇಲಿ ಉಚ್ಚೆ ಬಿದ್ದಿರಬೇಕು, ಅದರ ಕೆಳಗೇ ಗೂಡು ಇದ್ದದ್ದು.

ಹಳೆ ಸೋಲ್ಡರ್, ಕುಶಾಲನಗರ
ಹಾಗಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 1000 ಓಮ್, 25 ವ್ಯಾಟಿನ ತಂತಿ ಸುತ್ತಿದ ರೆಸಿಸ್ಟರ್ ಹಾಕಿ. 10 ವ್ಯಾಟಿನದು ಲೆಕ್ಕಕ್ಕೆ ಸರಿ ಅನ್ನಿಸಿದರೂ ಕೆಂಡದಂತೆ ಕಾಯುತ್ತದೆ, ಬಾಳಿಕೆ ಬರುವುದಿಲ್ಲ. ಮರಕ್ಕೂ ಕಂಡೆನ್ಸರ್‌ಗಳಿಗೂ ದೂರ ಇರಲಿ.

ಈಗ ಕಂಡೆನ್ಸರ್. ಎಲ್ಲ ಒಟ್ಟಿಗೆ ಬದಲಿಸಿದರೆ ಎಲ್ಲಿ ತಪ್ಪಾಯಿತು ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಒಂದೊಂದೇ ಬದಲಿಸಿ. ಮೊದಲನೆಯದು ಯುಬಿಸಿ 81ರ ಆನೋಡಿನಿಂದ (ಶಬ್ದ ಹೊರಬರುವ ಪಿನ್) ಯುಎಲ್ 84ರ ಗ್ರಿಡ್ಡಿಗೆ (ಶಬ್ದ ಒಳಹೋಗುವ ಪಿನ್) ಹೋಗುವುದು, ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್. ಇಡೀ ಸೆಟ್ಟಿನಲ್ಲಿ ಇದೊಂದರ ಮೇಲೆ ನನಗೆ ಸಿಟ್ಟು. ಇದು ಸ್ವಲ್ಪ ಲೀಕ್ ಆದರೂ ಗ್ರಿಡ್ ಮೇಲೆ ಪಾಸಿಟಿವ್ ವೋಲ್ಟೇಜ್ ಬರುತ್ತದೆ. ಯುಎಲ್ 84 ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ತಾನೂ ಸಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಪರೀಕ್ಷೆ ಮಾಡುತ್ತಾ ಕೂರಬೇಡಿ, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ. ಸೆಟ್ ಓಡಿದ ಮೇಲೆ ಗ್ರಿಡ್ಡಿಗೂ ಚಾಸಿಸ್‌ಗೂ ಮಧ್ಯೆ ಡಿಸಿ ವೋಲ್ಟೇಜ್ ಅಳೆದರೆ ಸೊನ್ನೆ ಇರಬೇಕು.

ಫಿಲ್ಟರ್ ಎಲೆಕ್ಟ್ರೋಲಿಟಿಕ್ ಎರಡಕ್ಕೂ 450 ವೋಲ್ಟಿನ 47 ಮೈಕ್ರೋಫ್ಯಾರಡ್ ಸಾಕು. ಜಾಸ್ತಿ ಹಾಕಿದರೆ ಗುಂಯ್ ಶಬ್ದ ಇನ್ನೂ ಕಡಿಮೆ ಆಗುತ್ತದೆ ಅಂತ 220 ಹಾಕುವವರು ಇದ್ದಾರೆ. ಆನ್ ಮಾಡಿದಾಗ ಅದು ಎಳೆಯುವ ಕರೆಂಟಿಗೆ ಯುವೈ 85 ಹೋಗುತ್ತದೆ. ಹಳೆ ಕಂಡೆನ್ಸರ್ ಡಬ್ಬಿಯನ್ನು ಕೀಳಬೇಡಿ, ನೋಡಲು ಇರಲಿ, ಕನೆಕ್ಷನ್ ಬಿಡಿಸಿ ಹೊಸದನ್ನು ಚಾಸಿಸ್ ಕೆಳಗೆ ಹಾಕಿ. ಕರೆಂಟ್ ಲೈನಿಗೆ ಅಡ್ಡಲಾಗಿ ಕಾಗದದ್ದು ಇದ್ದರೆ ಎಕ್ಸ್2 ದರ್ಜೆಯದು, ಏರಿಯಲ್ (ಆಂಟೆನಾ) ಸಾಕೆಟ್ಟಿನಲ್ಲಿ ಇರುವುದಕ್ಕೆ ವೈ ದರ್ಜೆಯದು. ಇದರಲ್ಲಿ ಚೌಕಾಸಿ ಬೇಡ. ಏರಿಯಲ್ ಕಂಡೆನ್ಸರ್ ಶಾರ್ಟ್ ಆದರೆ ಹೊರಗಿನ ತಂತಿಗೆಲ್ಲ ಫೇಸ್.

ಮೈಕಾ, ಸೆರಾಮಿಕ್ ಮುಟ್ಟಬೇಡಿ. ಐಎಫ್‌ಟಿ (ಸ್ಟೇಷನ್ ಬೇರ್ಪಡಿಸುವ ಕಾಯಿಲ್) ಡಬ್ಬಿಗಳ ತಲೆಯಲ್ಲಿ ಸ್ಕ್ರೂ ಥರ ಕಾಣುವುದನ್ನು ಅಂತೂ ತಿರುಗಿಸಲೇಬೇಡಿ. ಹಾಳಾಗದೆ ಬಂದ ಎಷ್ಟೋ ಸೆಟ್ಟುಗಳು ಆ ಸ್ಕ್ರೂ 'ಸಡಿಲ ಆಗಿದೆ' ಅಂತ ಬಿಗಿ ಮಾಡಿದವರ ಕೈಯಲ್ಲಿ ಸ್ಟೇಷನ್ ಕಳೆದುಕೊಂಡವು.

ಪೊನ್ನಂಪೇಟೆ ಅಕ್ಕ
ಒಳಗಿನದು ಅಣ್ಣ ಹೇಳುತ್ತಿದ್ದಾರೆ, ನಾನು ಹೊರಗಿನದು ಹೇಳುತ್ತೇನೆ. ಡಯಲ್ ಗಾಜಿನ ಹಿಂಬದಿ ಮುಟ್ಟಬೇಡಿ. ಊರಿನ ಹೆಸರುಗಳು ಅಲ್ಲೇ ಅಚ್ಚಾಗಿರುವುದು. ಸ್ಪಿರಿಟ್ ಅಲ್ಲ, ಬರೀ ನೀರು ತಾಗಿಸಿದರೂ ಲಂಡನ್, ಸಿಲೋನ್ ಎಲ್ಲ ಬಟ್ಟೆಗೆ ಬಂದುಬಿಡುತ್ತದೆ. ಮುಂಬದಿ ಮಾತ್ರ ಒರೆಸಿ, ಹಿಂದೆ ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ.

ಪೆಟ್ಟಿಗೆಯನ್ನು ಕಾಫಿ ಕಣದಲ್ಲಿ ಬಿಸಿಲಿಗೆ ಇಡಬೇಡಿ. ಮೇಲಿನ ತೆಳು ಹೊದಿಕೆ ಎದ್ದು ಬರುತ್ತದೆ. ನೆರಳಲ್ಲಿ ಒಣಗಿಸಿ, ಎದ್ದಿರುವ ಕಡೆ ಫೆವಿಕಾಲ್ ಹಚ್ಚಿ ಮೇಲೆ ಭಾರ ಇಡಿ. ಕುಟ್ಟೆ ಹುಳುವಿನ ತೂತಿಗೆ ಸಿರಿಂಜಿನಲ್ಲಿ ಔಷಧಿ. ಕೊನೆಗೆ ಫ್ರೆಂಚ್ ಪಾಲಿಶ್. ಈಗಿನ ಹೊಳೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಬೇಡ, ಹೋಟೆಲ್ ಟೇಬಲ್ ಕಂಡ ಹಾಗೆ ಆಗುತ್ತದೆ. ಸ್ಪೀಕರ್ ಕಾಗದ ಹರಿದಿದ್ದರೆ ಟಿಶ್ಯೂ ಪೇಪರ್, ನೀರು ಬೆರೆಸಿದ ಫೆವಿಕಾಲ್, ತೆಳ್ಳಗೆ.

ಕಾಫಿಕಣ, ಸಿದ್ದಾಪುರ
ಹಾಡಿತು! ಸೀರೀಸ್ ಬಲ್ಬ್ ಮೊದಲು ಜೋರಾಗಿ ಉರಿದು ಆಮೇಲೆ ಮಂಕಾಯಿತು. ಸ್ವಲ್ಪ ಹೊತ್ತಿಗೆ ವಾಲ್ವ್ ಬುಡದಲ್ಲಿ ಕೆಂಪು ಕಂಡಿತು. ಬಲ್ಬ್ ತೆಗೆದು ಪೂರ್ತಿ ಕರೆಂಟ್ ಕೊಟ್ಟ ಮೇಲೆ ಸ್ಪೀಕರ್‌ನಲ್ಲಿ ಉಸ್ ಅಂತ ಶಬ್ದ, ಬ್ಯಾಂಡ್ ಸ್ವಿಚ್ ತಿರುಗಿಸಿದಾಗ ಕರಕರ. ಗ್ರಿಡ್ ವೋಲ್ಟೇಜ್ ಸೊನ್ನೆ. ಸಂಜೆ ಆದ ಮೇಲೆ ಕನ್ನಡ ಬಂತು, ಅದರ ಪಕ್ಕದಲ್ಲೇ ಮಲಯಾಳಂ. ಮನೆಯವರೆಲ್ಲ ಬಂದು ನೋಡಿದರು.

ಆದರೆ ಒಂದು ತೊಂದರೆ. ಟಕ್... ಟಕ್... ಟಕ್ ಅಂತ ಸುಮಾರು ಸೆಕೆಂಡಿಗೆ ಒಂದು ಸಲ ಶಬ್ದ. ಎಲ್ಲ ಸ್ಟೇಷನ್ ಮೇಲೂ ಇದೆ. ಯಾವ ಕಂಡೆನ್ಸರ್?

ಸುಂಟಿಕೊಪ್ಪ ಸೀನಿಯರ್
ನಿಮ್ಮ ತೋಟಕ್ಕೆ ಆನೆ ಬೇಲಿ ಇದೆಯಾ?

ಕಾಫಿಕಣ, ಸಿದ್ದಾಪುರ
ಸೋಲಾರ್ ಬೇಲಿ ಇದೆ. ಅದಾ?!

ಸುಂಟಿಕೊಪ್ಪ ಸೀನಿಯರ್
ಅದೇ. ಬೇಲಿ ಮಿಷನ್ ಸೆಕೆಂಡಿಗೆ ಒಂದರಂತೆ ಪಲ್ಸ್ ಬಿಡುತ್ತದೆ. ತಂತಿಗೆ ಬಳ್ಳಿ ತಾಗಿದ ಕಡೆ, ಒಡೆದ ಇನ್ಸುಲೇಟರ್ ಇದ್ದ ಕಡೆ ಸಣ್ಣ ಕಿಡಿ ಹಾರುತ್ತದೆ. ಮೀಡಿಯಂ ವೇವ್ ರೇಡಿಯೋ ಅದನ್ನು ಚೆನ್ನಾಗಿ ಹಿಡಿಯುತ್ತದೆ. ರೇಡಿಯೋ ರಿಪೇರಿ ಬಿಟ್ಟು ಬೇಲಿ ಸುತ್ತ ಕಾಡು ಕಡಿಸಿ. ನಾನಂತೂ ಈಗ ಬೇಲಿಯಲ್ಲಿ ಎಲ್ಲಿ ಲೀಕ್ ಅಂತ ಹುಡುಕಲು ಸಣ್ಣ ಟ್ರಾನ್ಸಿಸ್ಟರ್ ಹಿಡಿದುಕೊಂಡೇ ಹೋಗುತ್ತೇನೆ. ಟಕ್ ಜೋರಾದ ಕಡೆ ಕಂಬ ನೋಡಿದರೆ ಸಾಕು.

ಹಳೆ ಸೋಲ್ಡರ್, ಕುಶಾಲನಗರ
ಇದು ನನ್ನ ಅಂಗಡಿ ಕಾಲದಲ್ಲಿ ಇರದ ರೋಗ! ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಕೂಡ ಆಫ್ ಮಾಡಿ ನೋಡಿ. ಬ್ಯಾಂಡ್ ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು, ಎಣ್ಣೆ ಬೇಡ.

ಕನ್ನಡ, ಮಲಯಾಳಂ ಅಕ್ಕಪಕ್ಕ ಬಂದದ್ದು ಸರಿಯೇ. ಬೆಂಗಳೂರು 612 ಕಿಲೋಹರ್ಟ್ಸ್, ಭದ್ರಾವತಿ 675, ಕೋಳಿಕ್ಕೋಡ್ 684, ಧಾರವಾಡ 765. ಭದ್ರಾವತಿಗೂ ಕೋಳಿಕ್ಕೋಡಿಗೂ ಮಧ್ಯೆ 9 ಕಿಲೋಹರ್ಟ್ಸ್ ಮಾತ್ರ, ಮುಳ್ಳು ಕೂದಲೆಳೆ ಜರುಗಿದರೆ ಭಾಷೆ ಬದಲು. ಕತ್ತಲಾದ ಮೇಲೆ ದೂರದ್ದು ಬರುತ್ತದೆ. ಹಗಲಲ್ಲಿ ಆಕಾಶದ ಕೆಳಗಿನ ಪದರ ಮೀಡಿಯಂ ವೇವ್ ತರಂಗವನ್ನು ಹೀರಿಕೊಳ್ಳುತ್ತದೆ, ಸೂರ್ಯ ಮುಳುಗಿದರೆ ಆ ಪದರ ಕರಗಿ ಮೇಲಿನ ಪದರದಿಂದ ತರಂಗ ವಾಪಸ್ ಬರುತ್ತದೆ.

ಗೋಣಿಕೊಪ್ಪ ಹುಡುಗ
ಸರಿ, ಒಪ್ಪಿದೆ, ಹಾಡಿತು. ಆದರೂ ಹಗಲಲ್ಲಿ ಮಡಿಕೇರಿ ಸ್ಟೇಷನ್ ಕೇಳಬೇಕಲ್ಲ ಅಣ್ಣ. ಹಿಂದೆ ಗ್ರಾಮಫೋನ್ ಪಿಕಪ್ ಸಾಕೆಟ್ ಇರುತ್ತಲ್ವಾ? ಅದಕ್ಕೆ ಮೊಬೈಲ್ ವೈರ್ ಸಿಕ್ಕಿಸಿದರೆ ವಾಲ್ವ್ ಸೌಂಡಿನಲ್ಲೇ ಬರುತ್ತೆ. ಏನೂ ಕೀಳೋದು ಬೇಡ.

ಹಳೆ ಸೋಲ್ಡರ್, ಕುಶಾಲನಗರ
ಐಡಿಯಾ ಚೆನ್ನಾಗಿದೆ ಮರಿ. ಸುಂಟಿಕೊಪ್ಪದವರ ಎಸಿ ಸೆಟ್ಟಿಗೆ ಧಾರಾಳವಾಗಿ ಮಾಡಬಹುದು. ಈ ಸೆಟ್ಟಿಗೆ ಬೇಡವೇ ಬೇಡ. ಪಿಕಪ್ ಸಾಕೆಟ್ಟಿನ ಒಂದು ತುದಿ ಚಾಸಿಸ್ಸಿಗೆ ಸೇರಿರಬಹುದು. ಅಂದರೆ ಮೊಬೈಲ್ ಹಿಡಿದ ಕೈಗೇ 230 ವೋಲ್ಟ್. ಮಧ್ಯೆ ಸಾಕೆಟ್ ಒಳಗೆ ಹಳೇ ಕಂಡೆನ್ಸರ್ ಇದೆ ಅಂತ ಅದನ್ನು ನಂಬಬೇಡಿ. ಕಾಫಿಕಣದವರೇ, ನಿಮ್ಮ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹೇಗೂ ಬಂದಿದೆ. ಅದನ್ನು ಮತ್ತೆ ಡಬ್ಬಿಗೆ ಹಾಕದೆ ರೇಡಿಯೋಗೆ ಖಾಯಂ ಕೊಡಿ. ಬ್ಲೂಟೂತ್ ಬೇಕೇ ಬೇಕು ಅಂದರೆ ಬ್ಯಾಟರಿಯ ಸಣ್ಣ ಸ್ಪೀಕರ್ ತಂದು ರೇಡಿಯೋ ಪಕ್ಕದಲ್ಲಿ ಇಡಿ.

ಪೊನ್ನಂಪೇಟೆ ಅಕ್ಕ
ಇಷ್ಟು ಮಾತಾಗುವಾಗ ನನ್ನದೂ ಒಂದು ಪ್ರಶ್ನೆ ಕೇಳುತ್ತೇನೆ ಅಣ್ಣ. ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಕರೆಂಟ್ ಬರುವ ಮುಂಚಿನ ಬ್ಯಾಟರಿ ವಾಲ್ವ್ ಸೆಟ್ ಇದೆ. ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96. ಇಟ್ಟಿಗೆ ಗಾತ್ರದ ಬ್ಯಾಟರಿ ಹಾಕುತ್ತಿದ್ದರಂತೆ. ಅದು ಈಗ ಎಲ್ಲಿ ಸಿಗುತ್ತದೆ?

ಹಳೆ ಸೋಲ್ಡರ್, ಕುಶಾಲನಗರ
ಎಲ್ಲೂ ಸಿಗುವುದಿಲ್ಲ, ಆದರೆ ಮನೆಯಲ್ಲೇ ಮಾಡಬಹುದು ತಂಗಿ. 9 ವೋಲ್ಟಿನ ಚೌಕ ಬ್ಯಾಟರಿ ಹತ್ತನ್ನು ಒಂದರ ಹಿಂದೆ ಒಂದು ಸೇರಿಸಿದರೆ 90 ವೋಲ್ಟ್. ಅದು ಎಚ್‌ಟಿ, ಅಂದರೆ ಹೆಚ್ಚಿನ ವೋಲ್ಟೇಜ್. ಫಿಲಮೆಂಟಿಗೆ ಒಂದೇ ಒಂದು ದಪ್ಪ ಟಾರ್ಚ್ ಸೆಲ್, 1.5 ವೋಲ್ಟ್. ನಾಲ್ಕೂ ಸೇರಿ ಎಳೆಯುವುದು 125 ಮಿಲಿಆಂಪ್. ಆದರೆ ವೈರ್ ಅದಲುಬದಲು ಆಗಿ 90 ವೋಲ್ಟ್ ಫಿಲಮೆಂಟಿಗೆ ಹೋದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ನಾಲ್ಕೂ ವಾಲ್ವ್ ಹೋದವು. ಎರಡು ಪ್ಲಗ್ಗಿಗೆ ಬೇರೆ ಬೇರೆ ಬಣ್ಣ ಹಚ್ಚಿ. ಕಾಗದದ ಕಂಡೆನ್ಸರ್ ಇದರಲ್ಲೂ ಬದಲಿಸಿ. 90 ವೋಲ್ಟ್ ಅಂತ ಕೈ ಹಾಕಬೇಡಿ, ಅದೂ ಹೊಡೆಯುತ್ತದೆ.

ಸುಂಟಿಕೊಪ್ಪ ಸೀನಿಯರ್
ಅಕ್ಕನ ಸೆಟ್ಟೇ ಎಲ್ಲರಿಗಿಂತ ಚೆನ್ನಾಗಿ ಹಾಡೋದು ನೋಡಿ. ಮಳೆಗಾಲದಲ್ಲಿ ಊರಿಗೆಲ್ಲ ಕರೆಂಟ್ ಹೋದಾಗ ಎಲ್‌ಇಡಿ ಇಲ್ಲ, ಚಾರ್ಜರ್ ಇಲ್ಲ. ಕರಕರ ಎಲ್ಲ ನಿಲ್ಲುತ್ತದೆ. ನಮ್ಮ ಸೆಟ್ಟುಗಳಿಗೆ ಆಗ ಕರೆಂಟೇ ಇರಲ್ಲ!

ಕಾಫಿಕಣ, ಸಿದ್ದಾಪುರ
ಬೇಲಿ ಬಳ್ಳಿ ಕಡಿಸಿದೆ, ಟಕ್ ಮುಕ್ಕಾಲು ಪಾಲು ಹೋಯಿತು. ಈಗ ಏರಿಯಲ್. ಮನೆಯೊಳಗೆ ಏರಿಯಲ್ ಆಗಿ ಕಟ್ಟುವ ತಾಮ್ರದ ಜಾಲರಿ ಪಟ್ಟಿ ಸಿಕ್ಕಿದೆ, ಅದೂ ಅಟ್ಟದಲ್ಲೇ ಇತ್ತು. ಹೊರಗೆ ಎರಡು ಸಿಲ್ವರ್ ಓಕ್ ಮಧ್ಯೆ ತಂತಿ ಎಳೆದರೆ ಇನ್ನೂ ಚೆನ್ನಾಗಿ ಬರುತ್ತದಾ?

ಹಳೆ ಸೋಲ್ಡರ್, ಕುಶಾಲನಗರ
ಬರುತ್ತದೆ, ಸಿಡಿಲೂ ಬರುತ್ತದೆ. ಏಪ್ರಿಲ್-ಮೇ ಗುಡುಗು ನಿಮಗೆ ಗೊತ್ತಲ್ಲ. ಹಳೇ ಬಂಗಲೆಗಳಲ್ಲಿ ಕಿಟಕಿ ಹತ್ತಿರ ಒಂದು ನೈಫ್ ಸ್ವಿಚ್ ಇರುತ್ತಿತ್ತು. ರೇಡಿಯೋ ಆಫ್ ಮಾಡಿದ ಮೇಲೆ ಏರಿಯಲ್ ತಂತಿಯನ್ನು ಭೂಮಿಗೆ ಕೊಡಲು. ಅದು ಮಾಡದೆ ಹೊರಗೆ ತಂತಿ ಕಟ್ಟಬೇಡಿ. ಮೋಡ ಕಂಡ ಮೇಲೆ ಓಡಿ ಹೋಗಿ ಕೀಳುವ ಕೆಲಸ ಬೇಡ, ಬಳಸದಿದ್ದಾಗ ಯಾವಾಗಲೂ ಭೂಮಿಗೇ ಇರಲಿ. ಸದ್ಯಕ್ಕೆ ಜಾಲರಿ ಪಟ್ಟಿ ಸಾಕು, ಅಟ್ಟದ ತೊಲೆಗೆ ಉದ್ದಕ್ಕೆ ಕಟ್ಟಿ.

ಮಳೆಗಾಲ ಪೂರ್ತಿ ದಿನಾ ಸ್ವಲ್ಪ ಹೊತ್ತು ಹಾಕಿ. ವಾಲ್ವಿನ ಶಾಖಕ್ಕೆ ಒಳಗಿನ ಥಂಡಿ ಆರುತ್ತದೆ. ಮತ್ತೆ ಮುಚ್ಚಿ ಅಟ್ಟಕ್ಕೆ ಏರಿಸಿದರೆ ಮುಂದಿನ ವರ್ಷ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸಣ್ಣ ತಂತಿಗೆ ಕಿಲುಬು ಹಿಡಿದು ಅದೂ ತುಂಡಾಗುತ್ತದೆ.

ಸುಂಟಿಕೊಪ್ಪ ಸೀನಿಯರ್
ವಿಷಯ ಬಿಟ್ಟು ಒಂದು ಮಾತು. ನನ್ನ ಸೆಟ್ಟಿನ ಮ್ಯಾಜಿಕ್ ಐ (ಸ್ಟೇಷನ್ ಸರಿಯಾಗಿ ಸಿಕ್ಕಿದೆಯಾ ಅಂತ ತೋರಿಸುವ ಹಸಿರು ದೀಪ) ಮಂಕಾಗಿದೆ, ಇಎಂ 80. ಯಾರ ಹತ್ತಿರವಾದರೂ ಇದ್ದರೆ ಹೇಳಿ. ಬದಲಿಗೆ ಇಎಫ್ 89 ಎರಡು ಕೊಡುತ್ತೇನೆ, ಎರಡೂ ಪರೀಕ್ಷೆ ಮಾಡಿದ್ದು.

ಗೋಣಿಕೊಪ್ಪ ಹುಡುಗ
ಬೆಂಗಳೂರಿಗೆ ಹೋಗುತ್ತಿದ್ದೇನೆ ಅಂಕಲ್, ಎಸ್.ಪಿ. ರಸ್ತೆಯಲ್ಲಿ ಕೇಳಿ ನೋಡುತ್ತೇನೆ. ಯಾರಿಗೆ ಏನು ಬೇಕೋ ಇಲ್ಲೇ ಬರೆದು ಹಾಕಿ.